ಕಟ್ಟಿದ ಸಾಲಕ್ಕೂ ‘ಸುಸ್ತಿ’ ಅಂತ ತೋರಿಸ್ತಿದೆ, ಏನು ಮಾಡೋದು? ಕ್ರೆಡಿಟ್ ರಿಪೋರ್ಟ್ ತಕರಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

2022ರಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದೆ. ಬ್ಯಾಂಕಿನ ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, ‘ಸರ್, ಇಲ್ಲಿ ನೀವು ಸುಸ್ತಿದಾರರು ಅಂತ ತೋರಿಸ್ತಿದೆಯಲ್ಲ’ ಅಂದರು. ಯಾವ ಸಾಲ ಅಂತ ಬಗ್ಗಿ ನೋಡಿದರೆ ಒಂದು ಹಳೇ ಕ್ರೆಡಿಟ್ ಕಾರ್ಡ್. ಅದನ್ನು ಬೇಡ ಅಂತ ಫೋನಿನಲ್ಲಿ ಹೇಳಿ, ಕತ್ತರಿಯಿಂದ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿ ನಾಲ್ಕು ವರ್ಷ ಆಗಿತ್ತು. ಅದರ ವಾರ್ಷಿಕ ಶುಲ್ಕ 500 ರೂಪಾಯಿ, ಜಿಎಸ್‌ಟಿ ಸೇರಿ 590. ಆ 590 ರೂಪಾಯಿ ಬಡ್ಡಿ, ತಡ ಶುಲ್ಕ ಎಲ್ಲ ಮೆತ್ತಿಕೊಂಡು 11 ಸಾವಿರ ದಾಟಿತ್ತು. ಅದನ್ನು ಸರಿಮಾಡಿಸಲು ಐದು ತಿಂಗಳು ಬೇಕಾಯಿತು. ಆಮೇಲೆ ನೆಂಟರು, ಸ್ನೇಹಿತರು, ಅವರ ಪರಿಚಯದವರು ಅಂತ ಒಬ್ಬೊಬ್ಬರೇ ಫೋನ್ ಮಾಡಿ ಕೇಳಿದ ಪ್ರಶ್ನೆಗಳು ಇವು.

ಸಿಬಿಲ್‌ನವರು ನನ್ನನ್ನು ಸುಸ್ತಿದಾರ ಮಾಡಿಬಿಟ್ಟಿದ್ದಾರೆ. ಅವರ ಜೊತೆ ಜಗಳ ಆಡಬೇಕಾ?

ಮೊದಲು ಇದೊಂದು ಸ್ಪಷ್ಟವಾಗಲಿ. ಸಿಬಿಲ್ ತಾನಾಗಿ ಏನನ್ನೂ ಬರೆಯುವುದಿಲ್ಲ. ಬರೆಯುವುದು ನಿಮಗೆ ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಸಿಬಿಲ್ ಅದನ್ನು ಜೋಡಿಸಿ ಇಟ್ಟುಕೊಳ್ಳುತ್ತದೆ, ಕೇಳಿದವರಿಗೆ ‘ಕ್ರೆಡಿಟ್ ರಿಪೋರ್ಟ್’ ಅಂತ ತೋರಿಸುತ್ತದೆ. ಬ್ಯಾಂಕ್ ಒಪ್ಪದೆ ಅದು ಒಂದು ಅಂಕಿಯನ್ನೂ ಬದಲಾಯಿಸುವುದಿಲ್ಲ. ಹಾಗಾಗಿ ತಪ್ಪು ಹುಟ್ಟಿದ ಜಾಗ ಬ್ಯಾಂಕು, ಸರಿಯಾಗಬೇಕಾದ್ದೂ ಅಲ್ಲೇ. ಹಾಗಂತ ಸಿಬಿಲ್‌ಗೆ ಜವಾಬ್ದಾರಿಯೇ ಇಲ್ಲ ಅಂತಲ್ಲ. ಕ್ರೆಡಿಟ್ ಮಾಹಿತಿ ಕಂಪನಿಗಳ 2005ರ ಕಾಯ್ದೆಯಲ್ಲಿ ತಪ್ಪು ತಿದ್ದಿಸಿಕೊಳ್ಳುವ ಹಕ್ಕು ನಮಗಿದೆ, ಅದಕ್ಕೆ 30 ದಿನದ ಗಡುವೂ ಇದೆ.

ಇನ್ನೊಂದು ಮಾತು. ನಾವು ಎಲ್ಲದಕ್ಕೂ ‘ಸಿಬಿಲ್’ ಅಂತೀವಿ, ಫೋಟೋಕಾಪಿಗೆ ಜೆರಾಕ್ಸ್ ಅಂದ ಹಾಗೆ. ಆದರೆ ಭಾರತದಲ್ಲಿ ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಸಾಲ ಕೊಡುವವರೆಲ್ಲ ನಾಲ್ಕಕ್ಕೂ ಸದಸ್ಯರಾಗಿರಬೇಕು ಅಂತ 2015ರಲ್ಲೇ ಆರ್‌ಬಿಐ ಹೇಳಿದೆ. ಅಂದರೆ ತಪ್ಪು ಒಂದು ಕಡೆ ಇದ್ದರೆ ನಾಲ್ಕೂ ಕಡೆ ಇರುವ ಸಾಧ್ಯತೆ ಜಾಸ್ತಿ.

ರಿಪೋರ್ಟ್ ನೋಡೋಕೆ ದುಡ್ಡು ಕಟ್ಟಬೇಕಾ? ನೋಡಿದರೆ ಸ್ಕೋರ್ ಇಳಿಯುತ್ತಂತೆ?

ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು ಪ್ರತಿ ಕಂಪನಿಯೂ ಪುಕ್ಕಟೆ ಕೊಡಬೇಕು. 2017ರಿಂದ ಈ ನಿಯಮ ಇದೆ. ಅವರವರ ವೆಬ್‌ಸೈಟಿನಲ್ಲಿ ಪ್ಯಾನ್ ನಂಬರ್, ಮೊಬೈಲ್ ಓಟಿಪಿ ಕೊಟ್ಟರೆ ಸಿಗುತ್ತದೆ. ‘ಪ್ರೀಮಿಯಂ ಪ್ಲಾನ್ ತಗೊಳ್ಳಿ’ ಅಂತ ದೊಡ್ಡ ಬಟನ್ ಎದುರಿಗೇ ಇರುತ್ತದೆ, ಉಚಿತದ ಕೊಂಡಿ ಎಲ್ಲೋ ಕೆಳಗೆ ಸಣ್ಣದಾಗಿರುತ್ತದೆ. ಸ್ವಲ್ಪ ಹುಡುಕಿ. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಸ್ಕೋರ್, ಅಂದರೆ ಸಾಲ ತೀರಿಸುವ ರೀತಿಗೆ ಅವರು ಕೊಡುವ ಅಂಕ, ಇಳಿಯುವುದಿಲ್ಲ. ತಕರಾರು ಸಲ್ಲಿಸಿದರೂ ಇಳಿಯುವುದಿಲ್ಲ. ಸಾಲಕ್ಕೆ ಅಂತ ಹತ್ತು ಕಡೆ ಅರ್ಜಿ ಹಾಕಿದಾಗ ಆ ಬ್ಯಾಂಕುಗಳು ನೋಡುತ್ತವಲ್ಲ, ಅದು ಬೇರೆ.

ರಿಪೋರ್ಟ್ ಬಂತು. ನಲವತ್ತು ಪುಟ ಇದೆ. ಎಲ್ಲಿ ನೋಡಲಿ?

ಸ್ಕೋರ್ ಬಿಡಿ. 300ರಿಂದ 900ರ ಒಳಗಿನ ಆ ಒಂದು ಅಂಕಿ ನೋಡಿ ತಲೆ ಕೆಡಿಸಿಕೊಂಡರೆ ಪ್ರಯೋಜನ ಇಲ್ಲ. ನೇರವಾಗಿ ‘ಅಕೌಂಟ್’ ಭಾಗಕ್ಕೆ ಹೋಗಿ. ಒಂದೊಂದು ಸಾಲಕ್ಕೂ ಒಂದೊಂದು ಪಟ್ಟಿ ಇರುತ್ತದೆ. ಅದರ ಕೆಳಗೆ ತಿಂಗಳವಾರು ಸಣ್ಣ ಚೌಕಗಳು, 36 ತಿಂಗಳವರೆಗೆ. ಅದಕ್ಕೆ ಡಿಪಿಡಿ ಅಂತಾರೆ. ಆ ತಿಂಗಳು ಕಂತು ಎಷ್ಟು ದಿನ ತಡವಾಗಿದೆ ಅನ್ನುವ ಲೆಕ್ಕ ಅದು.

‘000’ ಇದ್ದರೆ ಆ ತಿಂಗಳು ಬಾಕಿ ಏನೂ ಇಲ್ಲ. ‘030’ ಇದ್ದರೆ ಮೂವತ್ತು ದಿನ ತಡ. ‘ಎಕ್ಸ್‌ಎಕ್ಸ್‌ಎಕ್ಸ್’ ಇದ್ದರೆ ಬ್ಯಾಂಕ್ ಆ ತಿಂಗಳ ಮಾಹಿತಿ ಕಳಿಸಿಲ್ಲ ಅಂತಷ್ಟೇ, ಗಾಬರಿ ಬೇಡ. 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ನನ್ನ ಕಾರ್ಡಿನ ಸಾಲು 000, 000, 029, 060, 091 ಅಂತ ಶುರುವಾಗಿ ಮುಂದೆ 900ರವರೆಗೂ ಏರಿತ್ತು. ಕತ್ತರಿಸಿ ಎಸೆದ ಪ್ಲಾಸ್ಟಿಕ್ ತುಂಡು ತಿಂಗಳು ತಿಂಗಳೂ ನನ್ನ ಮೇಲೆ ದೂರು ಹೇಳುತ್ತಾ ಕೂತಿತ್ತು!

ಆಮೇಲೆ ಖಾತೆಯ ಸ್ಥಿತಿ ನೋಡಿ. ‘ರಿಟನ್ ಆಫ್’ ಅಂದರೆ ಬ್ಯಾಂಕ್ ಕೈಬಿಟ್ಟ ಸಾಲ. ‘ಸೆಟಲ್ಡ್’ ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು. ‘ಸೂಟ್ ಫೈಲ್ಡ್’ ಅಂದರೆ ಕೋರ್ಟಿಗೆ ಹೋಗಿದ್ದು. ಸರಿಯಾಗಿ ಮುಗಿದ ಸಾಲಕ್ಕೆ ‘ಕ್ಲೋಸ್ಡ್’ ಅಂತಲೇ ಇರಬೇಕು. ಕೊನೆಗೆ, ರಿಪೋರ್ಟಿನ ಮೇಲ್ಭಾಗದಲ್ಲಿರುವ ಕಂಟ್ರೋಲ್ ನಂಬರ್ ಬರೆದಿಟ್ಟುಕೊಳ್ಳಿ. ದೂರಿನಲ್ಲಿ ಅದನ್ನು ಕೇಳುತ್ತಾರೆ.

ಇಂಥ ತಪ್ಪು ಹೇಗೆ ನುಸುಳುತ್ತೆ?

ನಾನು ನೋಡಿದ್ದರಲ್ಲಿ ಅರ್ಧಕ್ಕರ್ಧ ಕ್ರೆಡಿಟ್ ಕಾರ್ಡಿನದ್ದೇ. ಬಾಯಿಮಾತಿನಲ್ಲಿ ಮುಚ್ಚಿಸಿದ್ದು, ಬಳಸದೇ ಇದ್ದದ್ದು, ಮಾಲ್‌ನಲ್ಲಿ ಸಹಿ ಹಾಕಿಸಿಕೊಂಡು ಕೊಟ್ಟದ್ದು. ಈಗ ನಿಯಮ ಬಿಗಿಯಾಗಿದೆ. ಆರ್‌ಬಿಐನ 2022ರ ಕಾರ್ಡ್ ನಿಯಮದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಅಂದ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು. ತಪ್ಪಿದರೆ ದಿನಕ್ಕೆ 500 ರೂಪಾಯಿ ದಂಡ ಗ್ರಾಹಕರಿಗೆ ಕೊಡಬೇಕು. ಸುಸ್ತಿ ಅಂತ ವರದಿ ಮಾಡುವ ಮೊದಲು ಏಳು ದಿನದ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರು ನಡೆಯುತ್ತಿದ್ದರೆ ಅದು ಇತ್ಯರ್ಥ ಆಗುವವರೆಗೆ ಸುಸ್ತಿ ಅಂತ ಕಳಿಸುವಂತಿಲ್ಲ. ಈ ಕೊನೆಯದು ತುಂಬ ಜನಕ್ಕೆ ಗೊತ್ತಿಲ್ಲ. ಅದನ್ನು ದೂರಿನಲ್ಲಿ ಬರೆದು ನೋಡಿ, ಉತ್ತರದ ಧಾಟಿಯೇ ಬದಲಾಗುತ್ತದೆ.

ಎರಡನೆಯದು ಹೆಸರಿನ ಗೊಂದಲ. ನಮ್ಮಲ್ಲಿ ಅರ್ಧ ಊರಿಗೆ ಮಂಜುನಾಥ ಅಂತ ಹೆಸರು. ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ. ಒಂದು ಕಡೆ ಊರ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರು. ಪ್ಯಾನ್ ಸರಿಯಾಗಿ ತುಂಬದ ಹಳೇ ಸಾಲಗಳಲ್ಲಿ ಒಬ್ಬರ ಸಾಲ ಇನ್ನೊಬ್ಬರ ರಿಪೋರ್ಟಿಗೆ ಅಂಟಿಕೊಳ್ಳುತ್ತದೆ.

ಮೂರನೆಯದು ಬೆಳೆ ಸಾಲ. ಮನ್ನಾ ಘೋಷಣೆ ಆದ ದಿನವೇ ಸಾಲ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಬ್ಯಾಂಕಿನ ಲೆಕ್ಕದಲ್ಲಿ ಅದು ಮುಗಿಯುವುದು ಸರ್ಕಾರದ ದುಡ್ಡು ಬಂದು, ಖಾತೆಗೆ ಜಮಾ ಆಗಿ, ಮುಚ್ಚಿದ ಮೇಲೆ. ಮನ್ನಾ ಫಲಾನುಭವಿ ಆಗಿದ್ದರೆ ಬ್ಯಾಂಕಿನಿಂದ ಬೇಬಾಕಿ ಪತ್ರ ಕೇಳಿ ಇಟ್ಟುಕೊಳ್ಳಿ.

ನಿಜ ಹೇಳ್ತೀನಿ, ನಾನು ಎರಡು ತಿಂಗಳು ತಡ ಮಾಡಿದ್ದೆ. ಅದನ್ನೂ ತೆಗೆಸಬಹುದಾ?

ಇಲ್ಲ. ನಿಜವಾದ ಮಾಹಿತಿಗೆ ತಕರಾರು ನಿಲ್ಲುವುದಿಲ್ಲ. ಆದರೆ ಕಟ್ಟಿದ ಮೇಲೂ ‘ಬಾಕಿ’ ಅಂತ ತೋರಿಸುತ್ತಿದ್ದರೆ ಆ ಭಾಗ ತಪ್ಪು, ಅದನ್ನು ತಿದ್ದಿಸಬಹುದು.

ದೂರು ಮೊದಲು ಬ್ಯಾಂಕಿಗಾ, ಸಿಬಿಲ್‌ಗಾ?

ಎರಡಕ್ಕೂ ಒಂದೇ ದಿನ. ಬ್ಯಾಂಕಿಗೆ ಹೋದರೆ ‘ಸಿಬಿಲ್‌ಗೆ ಹೇಳಿ’ ಅಂತಾರೆ. ಸಿಬಿಲ್‌ಗೆ ಹೇಳಿದರೆ ‘ಬ್ಯಾಂಕಿಗೆ ಕಳಿಸಿದ್ದೇವೆ’ ಅಂತಾರೆ. ಈ ಚೆಂಡಾಟದಲ್ಲಿ ನನ್ನ ಮೊದಲ ಆರು ವಾರ ಸುಮ್ನೆ ಹೋಯಿತು.

ಸಿಬಿಲ್‌ನ ವೆಬ್‌ಸೈಟಿಗೆ ಲಾಗಿನ್ ಆದರೆ ‘ಡಿಸ್ಪ್ಯೂಟ್’ ಅಂತ ಇದೆ. ಯಾವ ಖಾತೆ, ಯಾವ ಅಂಕಿ ತಪ್ಪು ಅಂತ ಆರಿಸಿ ಸಲ್ಲಿಸಿದರೆ ಒಂದು ದೂರಿನ ಸಂಖ್ಯೆ ಬರುತ್ತದೆ. ಶುಲ್ಕ ಇಲ್ಲ. ಉಳಿದ ಮೂರು ಕಂಪನಿಗಳಲ್ಲೂ ಹಾಗೇ. ಬ್ಯಾಂಕಿನ ಕಡೆ, ಬರೀ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬಿಡಬೇಡಿ. ಕ್ರೆಡಿಟ್ ಮಾಹಿತಿಯ ದೂರಿಗೆ ಪ್ರತಿ ಬ್ಯಾಂಕಿನಲ್ಲೂ ಒಬ್ಬ ನೋಡಲ್ ಅಧಿಕಾರಿ ಇರುತ್ತಾರೆ. ಅವರಿಗೆ ಇಮೇಲ್ ಮಾಡಿ. ಶಾಖೆಯೇ ಹತ್ತಿರ ಇದ್ದರೆ ಪತ್ರ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ಬನ್ನಿ. ‘ಇಟ್ಟು ಹೋಗಿ ಸರ್, ನೋಡ್ತೀವಿ’ ಅಂದರೆ ಹೊರಡಬೇಡಿ. ಮುಂದೆ 30 ದಿನದ ಲೆಕ್ಕ ಶುರುವಾಗುವುದು ಆ ಸೀಲಿನ ತಾರೀಖಿನಿಂದ.

ದೂರಿನಲ್ಲಿ ಏನು ಬರೆಯಲಿ? ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ.

ಶಾಖೆಗೆ ಕೊಡುವ ಪತ್ರ ಕನ್ನಡದಲ್ಲೇ ಇರಲಿ, ತೊಂದರೆ ಇಲ್ಲ. ಉದ್ದ ಬೇಡ. ನಿಮ್ಮ ಕಷ್ಟ, ಮಗಳ ಮದುವೆ, ಮನೆ ಕಟ್ಟುವ ಆತುರ ಯಾವುದೂ ಬೇಡ. ನಾನು ಎರಡನೇ ಸಲ ಬರೆದದ್ದು ಹೀಗಿತ್ತು:

‘ನನ್ನ ಕಾರ್ಡ್ ಖಾತೆ (ಕೊನೆಯ ನಾಲ್ಕು ಅಂಕಿ ಇಂತಿಷ್ಟು) ರಿಟನ್ ಆಫ್ ಎಂದು, 11 ಸಾವಿರಕ್ಕೂ ಮೇಲೆ ಬಾಕಿ ಎಂದು ನನ್ನ ಕ್ರೆಡಿಟ್ ರಿಪೋರ್ಟಿನಲ್ಲಿ ಬಂದಿದೆ. ಇದು ತಪ್ಪು. ಈ ಕಾರ್ಡನ್ನು ಮುಚ್ಚುವಂತೆ ಇಂಥ ತಾರೀಖಿನಂದು ತಿಳಿಸಿದ್ದೇನೆ, ಆಗ ಬಾಕಿ ಸೊನ್ನೆ ಇತ್ತು. ಆ ತಿಂಗಳ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಆ ನಂತರ ಹಾಕಿದ ಶುಲ್ಕವನ್ನು ರದ್ದು ಮಾಡಿ, ಖಾತೆಯನ್ನು ಕ್ಲೋಸ್ಡ್ ಎಂದು ತಿದ್ದಿ, ಆ ತಿಂಗಳ ನಂತರದ ಡಿಪಿಡಿ ತೆಗೆದು, ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಕಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು.’

ಕೊನೆಯ ಎರಡು ವಾಕ್ಯಗಳೇ ಪತ್ರದ ಜೀವ. ‘ದಯವಿಟ್ಟು ಸರಿಪಡಿಸಿ’ ಅಂತಷ್ಟೇ ಬರೆದರೆ ಅವರು ಬಾಕಿ ಸೊನ್ನೆ ಮಾಡಿ, ಹಳೇ ಡಿಪಿಡಿ ಹಾಗೇ ಬಿಡುತ್ತಾರೆ. ಏನೇನು ಬದಲಾಗಬೇಕು ಅಂತ ನೀವೇ ಎಣಿಸಿ ಹೇಳಬೇಕು. ನಿಮ್ಮ ಬ್ಯಾಂಕ್ ಖಾತೆ ಅಥವಾ ಯುಪಿಐ ವಿವರವನ್ನೂ ಸೇರಿಸಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಸಾಲ ತೀರಿಸಿ ಎಂಟು ವರ್ಷ ಆಯ್ತು. ರಸೀದಿ, ಎನ್‌ಒಸಿ (ಬ್ಯಾಂಕ್ ಕೊಡುವ ಬೇಬಾಕಿ ಪತ್ರ) ಯಾವುದೂ ಇಲ್ಲ.

ಕಂತು ಹೋಗುತ್ತಿದ್ದ ನಿಮ್ಮ ಉಳಿತಾಯ ಖಾತೆಯ ಹಳೇ ಸ್ಟೇಟ್‌ಮೆಂಟ್ ಕೇಳಿ. ಕೊನೆಯ ಕಂತು ಕಳೆದ ಸಾಲು ಸಿಕ್ಕರೆ ಅದೇ ನಿಮ್ಮ ರಸೀದಿ. ಅಲಮಾರಿಯ ಪಾಸ್‌ಬುಕ್ ಹುಡುಕಿ. ‘ನಿಮ್ಮ ಸಾಲ ಮುಕ್ತಾಯವಾಗಿದೆ’ ಅಂತ ಬಂದ ಹಳೇ ಇಮೇಲ್ ಹುಡುಕಿ. ವಾಹನ ಸಾಲ ಆಗಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಿರುತ್ತೀರಲ್ಲ, ಅದೂ ಪುರಾವೆಯೇ. ಬ್ಯಾಂಕ್ ಎನ್‌ಒಸಿ ಕೊಡದೆ ಆರ್‌ಟಿಒದಲ್ಲಿ ಅದು ಸಾಮಾನ್ಯವಾಗಿ ಆಗುವುದಿಲ್ಲ. ಇಷ್ಟೂ ಇಲ್ಲದಿದ್ದರೆ ಬ್ಯಾಂಕಿನಿಂದಲೇ ಆ ಸಾಲದ ಪೂರ್ತಿ ಲೆಕ್ಕದ ಸ್ಟೇಟ್‌ಮೆಂಟ್ ಕೇಳಿ. ಬಾಕಿ ಇದೆ ಅನ್ನುವವರು ಲೆಕ್ಕ ತೋರಿಸಲಿ.

ನನಗೆ ಸಾಲ ಕೊಟ್ಟ ಬ್ಯಾಂಕೇ ಈಗ ಇಲ್ಲ!

ಕರ್ನಾಟಕದಲ್ಲಿ ಈ ಪ್ರಶ್ನೆ ಬರದ ವಾರ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋದವು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕರ್ನಾಟಕ ಗ್ರಾಮೀಣ ಬ್ಯಾಂಕೂ ಒಂದಾದವು. ಹಳೇ ಬ್ಯಾಂಕಿನ ಸಾಲ, ದಾಖಲೆ, ತಪ್ಪು ಎಲ್ಲವೂ ಹೊಸ ಬ್ಯಾಂಕಿಗೇ ಸೇರಿದ್ದು. ದೂರು ಹೊಸ ಬ್ಯಾಂಕಿಗೆ ಕೊಡಿ, ಹಳೇ ಖಾತೆ ಸಂಖ್ಯೆ ಬರೆಯಿರಿ. ‘ಅದು ನಮ್ಮದಲ್ಲ’ ಅನ್ನಲು ಅವರಿಗೆ ಅವಕಾಶ ಇಲ್ಲ. ಒಂದೇ ಸಾಲ ಎರಡು ಬ್ಯಾಂಕಿನ ಹೆಸರಲ್ಲೂ ಎರಡು ಸಲ ಇದೆಯಾ ಅಂತಲೂ ನೋಡಿ.

30 ದಿನ ಆಯ್ತು. ಯಾರೂ ಮಾತಾಡ್ತಿಲ್ಲ.

ಈಗ ಮೀಟರ್ ಓಡಲಿ. 2023ರ ಅಕ್ಟೋಬರ್‌ನಲ್ಲಿ ಆರ್‌ಬಿಐ ಒಂದು ಆದೇಶ ಹೊರಡಿಸಿತು, 2024ರ ಏಪ್ರಿಲ್ 26ರಿಂದ ಅದು ಜಾರಿಯಲ್ಲಿದೆ. ದೂರು ಕೊಟ್ಟು 30 ದಿನದೊಳಗೆ ಇತ್ಯರ್ಥ ಆಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ. ಭಾನುವಾರ, ಹಬ್ಬ ಎಲ್ಲ ಸೇರಿದ ಲೆಕ್ಕ. ಇದರಲ್ಲಿ ಬ್ಯಾಂಕಿಗೆ 21 ದಿನ. ಅಷ್ಟರೊಳಗೆ ತಿದ್ದಿದ ಮಾಹಿತಿ ಕಳಿಸದಿದ್ದರೆ ಪರಿಹಾರ ಬ್ಯಾಂಕಿನ ತಲೆಗೆ. ಬ್ಯಾಂಕ್ ಸಮಯಕ್ಕೆ ಕಳಿಸಿಯೂ ಕ್ರೆಡಿಟ್ ಕಂಪನಿ ತಡ ಮಾಡಿದರೆ ಅದರ ತಲೆಗೆ. ದೂರು ಇತ್ಯರ್ಥವಾದ ಐದು ಕೆಲಸದ ದಿನದೊಳಗೆ ದುಡ್ಡು ಖಾತೆಗೆ ಬರಬೇಕು. ಯುಪಿಐ ವಿವರ ಸೇರಿಸಿ ಅಂದದ್ದು ಅದಕ್ಕೇ.

ದೊಡ್ಡ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ‘21 ದಿನ ಮುಗಿದಿದೆ, ದಿನಕ್ಕೆ 100 ರೂಪಾಯಿಯ ನಿಯಮ ಗೊತ್ತಿದೆ’ ಅಂತ ಒಂದು ನೆನಪೋಲೆ ಕಳಿಸಿ. ನನ್ನ ಕಾಲಕ್ಕೆ ಈ ನಿಯಮ ಇರಲಿಲ್ಲ, ಹೊಟ್ಟೆ ಉರಿಯುತ್ತದೆ. ಅಂದ ಹಾಗೆ, ಸ್ಕೋರ್ ಲೆಕ್ಕ ಹಾಕುವ ರೀತಿ ಸರಿಯಿಲ್ಲ ಅನ್ನುವ ದೂರಿಗೆ ಈ ಪರಿಹಾರ ಬರುವುದಿಲ್ಲ.

‘ಬ್ಯಾಂಕ್ ಪರಿಶೀಲಿಸಿದೆ, ಮಾಹಿತಿ ಸರಿಯಾಗಿದೆ’ ಅಂತ ಒಂದು ಸಾಲಿನ ಉತ್ತರ ಬಂತು. ಮುಗೀತಾ?

ಇಲ್ಲ, ಆಟ ಈಗ ಶುರು. ತಿರಸ್ಕರಿಸಿದ ಕಾರಣ ತಿಳಿಸುವುದು ಬ್ಯಾಂಕಿನ ಹೊಣೆ. ಒಂದು ಸಾಲಿನ ಉತ್ತರ ಬಂದರೆ ಬ್ಯಾಂಕಿನ ಮೇಲಿನ ಹಂತಕ್ಕೆ ಮತ್ತೆ ಬರೆಯಿರಿ. ಮೊದಲ ದೂರು ಕೊಟ್ಟು 30 ದಿನ ಆಗಿಯೂ ಉತ್ತರ ಬರದಿದ್ದರೆ, ಅಥವಾ ಉತ್ತರ ತೃಪ್ತಿ ಕೊಡದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ, ಹತ್ತಿರ ಹೋಗಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳ ವಿರುದ್ಧದ ದೂರುಗಳನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಸಲ್ಲಿಸಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ. ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರದ ಸಂಸ್ಥೆಯಾದರೆ ದೂರು ಆರ್‌ಬಿಐನ ಗ್ರಾಹಕ ಶಿಕ್ಷಣ ಮತ್ತು ರಕ್ಷಣಾ ವಿಭಾಗಕ್ಕೆ ಹೋಗುತ್ತದೆ. ನಮ್ಮ ಕಡೆಯವರಿಗೆ ಅದು ಬೆಂಗಳೂರಿನ ನೃಪತುಂಗ ರಸ್ತೆಯ ಆರ್‌ಬಿಐ ಕಚೇರಿಯಲ್ಲಿದೆ.

ಒಂದು ಎಚ್ಚರಿಕೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಇಲ್ಲಿಗೆ ಹೋದರೆ ವಾಪಸ್ ಕಳಿಸುತ್ತಾರೆ. ಕೋರ್ಟಿನಲ್ಲಿ ಅದೇ ವಿಷಯ ನಡೆಯುತ್ತಿದ್ದರೂ ತೆಗೆದುಕೊಳ್ಳುವುದಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗಬಹುದಾ?

ಹೋಗಬಹುದು. ಘಟನೆ ನಡೆದ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು. ತಪ್ಪು ದಾಖಲೆಯಿಂದ ಸಾಲ ಕೈತಪ್ಪಿ, ಮನೆಗೆ ಕೊಟ್ಟ ಅಡ್ವಾನ್ಸ್ ಮುಳುಗಿದಂಥ ನಷ್ಟ ಇದ್ದರೆ ಯೋಚಿಸಿ. ಬರೀ ತಿದ್ದುಪಡಿ ಆಗಬೇಕಿದ್ದರೆ ಓಂಬುಡ್ಸ್‌ಮನ್ ಸಾಕು.

ವಸೂಲಿಯವರು ‘ಮೂರು ಸಾವಿರ ಕಟ್ಟಿ, ಸೆಟಲ್ ಮಾಡಿ ಮುಗಿಸ್ತೀವಿ’ ಅಂತಾರೆ. ತಲೆನೋವು ತಪ್ಪುತ್ತಲ್ವಾ?

ಇಲ್ಲೇ ಜನ ಎಡವುವುದು. ನಾನೂ ಎಡವುವುದರಲ್ಲಿದ್ದೆ. ಸಾಲವೇ ನಿಮ್ಮದಲ್ಲ ಅಂದ ಮೇಲೆ ಅದಕ್ಕೆ ಸೆಟಲ್‌ಮೆಂಟ್ ಮಾಡಿಕೊಂಡರೆ ‘ಸಾಲ ನನ್ನದೇ, ಪೂರ್ತಿ ಕಟ್ಟಲು ಆಗಲಿಲ್ಲ’ ಅಂತ ಒಪ್ಪಿದ ಹಾಗೆ. ಖಾತೆ ಮೇಲೆ ‘ಸೆಟಲ್ಡ್’ ಅಂತ ಬೀಳುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಒಳ್ಳೆಯ ಗುರುತು ಅಂತ ನೋಡುವುದಿಲ್ಲ. ಕ್ರೆಡಿಟ್ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತವೆ. ಮೂರು ಸಾವಿರಕ್ಕೆ ಏಳು ವರ್ಷದ ಕಲೆ ಕೊಂಡ ಹಾಗಾಯಿತು.

ಹಾಗಾದರೆ ಮನೆ ಸಾಲ ಬಾಗಿಲಲ್ಲಿ ನಿಂತಿದೆ, ಕಾಯಲು ಆಗದು, ಏನು ಮಾಡಲಿ? ಆಗ ನನ್ನ ಸಲಹೆ: ಕಟ್ಟುವುದೇ ಆದರೆ ಪೂರ್ತಿ ಕಟ್ಟಿ, ರಾಜಿ ಮೊತ್ತ ಬೇಡ. ‘ಬಾಕಿ ಒಪ್ಪದೆ, ಆಕ್ಷೇಪದೊಂದಿಗೆ ಕಟ್ಟುತ್ತಿದ್ದೇನೆ’ ಅಂತ ಕಟ್ಟುವ ಮೊದಲೇ ಇಮೇಲ್ ಹಾಕಿ. ಖಾತೆಯನ್ನು ‘ಕ್ಲೋಸ್ಡ್’ ಅಂತಲೇ ವರದಿ ಮಾಡುತ್ತೇವೆ ಅನ್ನುವುದನ್ನು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ತಗೊಳ್ಳಿ. ವಸೂಲಿಯವರ ವಾಟ್ಸ್‌ಆ್ಯಪ್ ಮೆಸೇಜಿಗೆ ಬೆಲೆ ಇಲ್ಲ. ಆದರೂ ಹಳೇ ಡಿಪಿಡಿ ತಾನಾಗಿ ಹೋಗುವುದಿಲ್ಲ, ಅದರ ತಕರಾರು ಮುಂದುವರಿಸಬೇಕು.

ಈ ಸಾಲ ನಾನು ತಗೊಂಡೇ ಇಲ್ಲ. ಯಾರೋ ನನ್ನ ಪ್ಯಾನ್ ಬಳಸಿದ್ದಾರೆ.

ಒಂದೇ ಪ್ರಶ್ನೆ ಹಿಡಿದು ಕೂರಿ: ಸಾಲದ ದುಡ್ಡು ಯಾವ ಖಾತೆಗೆ ಹೋಯಿತು? ಆ್ಯಪ್ ಸಾಲದ ಹಣ ಸಾಲಗಾರನ ಸ್ವಂತ ಬ್ಯಾಂಕ್ ಖಾತೆಗೇ ಹೋಗಬೇಕು ಅಂತ 2022ರ ಆರ್‌ಬಿಐ ನಿಯಮ ಇದೆ. ಆ ಖಾತೆ ನಿಮ್ಮದಲ್ಲ ಅಂತಾದರೆ ಅರ್ಧ ಕೇಸು ಅಲ್ಲೇ ಬಿದ್ದುಹೋಯಿತು. ಅರ್ಜಿಯ ಪ್ರತಿ, ಕೆವೈಸಿ (ಗುರುತು, ವಿಳಾಸದ) ದಾಖಲೆ, ಬಳಸಿದ ಮೊಬೈಲ್ ನಂಬರ್ ಎಲ್ಲವನ್ನೂ ಬರಹದಲ್ಲಿ ಕೇಳಿ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ದಾಖಲಿಸಿ, ಅದರ ಪ್ರತಿಯನ್ನು ತಕರಾರಿಗೆ ಲಗತ್ತಿಸಿ.

ಭಾವನ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಟ್ಟಿಲ್ಲ, ನನ್ನ ರಿಪೋರ್ಟಲ್ಲಿ ಬಂದಿದೆ. ಇದು ಅನ್ಯಾಯ ಅಲ್ವಾ?

ನೋವು ಅರ್ಥ ಆಗುತ್ತದೆ, ಆದರೆ ಇದು ತಪ್ಪು ದಾಖಲೆ ಅಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಭಾವನ ಬಾಕಿ ಕಟ್ಟಿ, ಅವರಿಂದ ಕಾನೂನಿನ ಪ್ರಕಾರ ವಸೂಲು ಮಾಡಬಹುದು. ಮಾಡಿದ ಮೇಲೆ ಹಬ್ಬಕ್ಕೆ ಕರೆಯುತ್ತಾರಾ ಅನ್ನುವುದು ಬೇರೆ ವಿಷಯ. ಸಹಿಯೇ ನಿಮ್ಮದಲ್ಲದಿದ್ದರೆ ಮಾತ್ರ ತಕರಾರು ಹಾಕಿ.

‘15 ದಿನದಲ್ಲಿ ಸಿಬಿಲ್ ಕ್ಲೀನ್ ಮಾಡ್ತೀವಿ’ ಅನ್ನೋರು ನಿಜಾನಾ?

ನೀವೇ ಪುಕ್ಕಟೆ ಹಾಕಬಹುದಾದ ಅದೇ ತಕರಾರನ್ನು ದುಡ್ಡು ತೆಗೆದುಕೊಂಡು ಹಾಕುತ್ತಾರೆ. ಪ್ಯಾನ್, ಓಟಿಪಿ ಕೊಟ್ಟು ಹೊಸ ತೊಂದರೆ ತಂದುಕೊಳ್ಳಬೇಡಿ.

ಸರಿ ಮಾಡಿದ್ದೇವೆ ಅಂತ ಬ್ಯಾಂಕ್ ಹೇಳಿದೆ. ಯಾವಾಗ ಕಾಣುತ್ತೆ?

2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಇತ್ತು. ಸಾಲದ ಅರ್ಜಿ ಕಾಯುತ್ತಿದ್ದರೆ ತಿದ್ದುಪಡಿ ಒಪ್ಪಿದ ಪತ್ರವನ್ನು ಹೊಸ ಬ್ಯಾಂಕಿನ ಮ್ಯಾನೇಜರ್‌ಗೆ ತೋರಿಸಿ. ಕೆಲವರು ಅದರ ಮೇಲೆ ಫೈಲ್ ಮುಂದೆ ಸರಿಸುತ್ತಾರೆ. ನಿಮ್ಮ ಮೊಬೈಲ್, ಇಮೇಲ್ ಬ್ಯಾಂಕಿನಲ್ಲಿ ಸರಿಯಾಗಿದೆಯಾ ನೋಡಿ. ಈಗ ಸುಸ್ತಿ ಅಂತ ವರದಿ ಮಾಡುವಾಗ ಬ್ಯಾಂಕ್ ನಿಮಗೆ ಮೆಸೇಜ್ ಕಳಿಸಬೇಕು. ಹಳೇ ನಂಬರ್ ಇದ್ದರೆ ಅದು ಬೇರೆಯವರ ಫೋನಿಗೆ ಹೋಗುತ್ತದೆ.

ಒಂದೂವರೆ ತಿಂಗಳು ಬಿಟ್ಟು ನಾಲ್ಕೂ ರಿಪೋರ್ಟ್ ಮತ್ತೆ ತೆಗೆಯಿರಿ. ನನ್ನದು ಮೂರರಲ್ಲಿ ‘ಕ್ಲೋಸ್ಡ್’ ಆಗಿತ್ತು. ನಾಲ್ಕನೆಯದರಲ್ಲಿ ಆ 11 ಸಾವಿರ ಇನ್ನೂ ಹಾಗೇ ಕೂತಿತ್ತು. ಬ್ಯಾಂಕ್ ಕೊಟ್ಟ ಪತ್ರವನ್ನೇ ಲಗತ್ತಿಸಿ ಅಲ್ಲೊಂದು ತಕರಾರು ಹಾಕಿದೆ. ಅದು ಮಾತ್ರ ಹನ್ನೆರಡೇ ದಿನದಲ್ಲಿ ಹೋಯಿತು.